ಸಹಾಯ ಬೇಕು: ಹಳೇ ಕೂಲಿಂಗ್ ಗ್ಲಾಸ್ ಇನ್ನೂ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು, ದಿನಾ ಬೈಕಿನಲ್ಲಿ ಮೈಸೂರಿಗೆ ಹೋಗಿ ಬರುತ್ತೇನೆ. ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡಲ್ವಲ್ಲ, ಸರ್ವಿಸ್ ರಸ್ತೆಯ ಧೂಳೆಲ್ಲ ನನ್ನ ಕಣ್ಣಿಗೇ.

ಐದು ವರ್ಷದಿಂದ ಒಂದೇ ಗ್ಲಾಸ್ ಹಾಕುತ್ತಿದ್ದೇನೆ. ತಗೊಂಡಾಗ ‘ಯುವಿ 400’ ಅಂತ, ಅಂದರೆ ಬಿಸಿಲಿನ ಅತಿನೇರಳೆ (ಯುವಿ) ಕಿರಣ ತಡೆಯುತ್ತದೆ ಅಂತ, ಚೀಟಿ ಅಂಟಿಸಿದ್ದರು. ನೀರು ಹಾಕದೆ, ಒಣ ಧೂಳನ್ನೇ ಅಂಗಿ ತುದಿಯಲ್ಲಿ ಉಜ್ಜಿ ಉಜ್ಜಿ ಗೀರು ಬಿದ್ದಿದೆ. ತಪ್ಪು ನನ್ನದೇ. ಹೋದ ಬೇಸಿಗೆಯಲ್ಲಿ ಮಾವನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮರೆತು ಬಂದೆ. ಆಮೇಲೆ ಎಡಗಡೆ ಅಂಚಲ್ಲಿ ಮೇಲಿನ ಪದರ ಈರುಳ್ಳಿ ಸಿಪ್ಪೆ ಥರ ಎದ್ದಿದೆ. ಸಂಜೆ ಎದುರಿನ ಲೈಟ್ ಬಿದ್ದರೆ ಗೀರೆಲ್ಲ ಮಿಂಚುತ್ತದೆ, ರಸ್ತೆಯೇ ಕಾಣಲ್ಲ.

ಗಾಜು ಕಪ್ಪಗಿದ್ದರೆ ಸಾಲದು ಅಂತ ಗೊತ್ತು. ಕಪ್ಪಿನ ಹಿಂದೆ ಪಾಪೆ ಅಗಲವಾಗುತ್ತದೆ, ಯುವಿ ತಡೆ ಇಲ್ಲದಿದ್ದರೆ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಪೋಲರೈಸ್ಡ್ ಅನ್ನೋದು ಬರೀ ಪ್ರತಿಫಲಿಸಿ ಕಣ್ಣು ಕುಕ್ಕುವ ಬೆಳಕಿಗೆ, ಅದು ಬೇರೆ.

ಮೈಸೂರಲ್ಲಿ ದೇವರಾಜ ಅರಸು ರಸ್ತೆ ಕಡೆ ಯಾವ ಅಂಗಡಿಯಲ್ಲಿ ಯುವಿ ಮೀಟರ್ ಇಟ್ಟು ಪರೀಕ್ಷೆ ಮಾಡಿಕೊಡುತ್ತಾರೆ? ಫ್ರೇಮ್ ಗಟ್ಟಿ ಇದೆ, ಗಾಜು ಮಾತ್ರ ಬದಲಾಯಿಸಬಹುದಾ?

ಅಪ್ಪನಿಗೂ ಒಂದು ಬೇಕು, ನಂಬರ್ ಇರೋದು. ಜೀವನವೆಲ್ಲ ಕಬ್ಬಿನ ಗದ್ದೆಯಲ್ಲೇ ಇದ್ದವರು, ಎರಡೂ ಕಣ್ಣಲ್ಲಿ ಮಾಂಸ ಬೆಳೆಯುತ್ತಿದೆ. ಬಿಸಿಲು, ಧೂಳಿಗೆ ಕಣ್ಣು ಕೊಡಬೇಡಿ ಅಂದಿದ್ದಾರೆ ಡಾಕ್ಟರು. ಅಪ್ಪ ಮಾತ್ರ, ‘ಕಪ್ಪು ಕನ್ನಡಕ ಹಾಕ್ಕೊಂಡು ಗದ್ದೆಗೆ ಹೋದ್ರೆ ಊರೋರು ನಗಲ್ವೇನ್ಲಾ?’ ಅಂತಾರೆ. ಪಕ್ಕದಿಂದಲೂ ಬಿಸಿಲು ಬೀಳದ ಹಾಗೆ ಅಗಲವಾದ, ಆದರೆ ಅವರು ಒಪ್ಪುವಂಥ ಮಾದರಿ ಯಾರಾದರೂ ತಗೊಂಡಿದ್ದರೆ ಫೋಟೋ ಹಾಕಿ, ಬೆಲೆಯನ್ನೂ ಹೇಳಿ.