ಏಳು ಜನ ಸ್ನೇಹಿತರು, ಆರು ವಾರ, ಒಂದು ಹಳೇ ತೋಟದ ಮನೆ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾವು ಏಳು ಜನ ಸ್ನೇಹಿತರು. ನಮ್ಮಲ್ಲೊಬ್ಬಳಿಗೆ ಅಜ್ಜನಿಂದ ಒಂದು ತೋಟ ಬಂದಿದೆ. ಹಂಚಿನ ಮನೆ, ಕೊಟ್ಟಿಗೆ, ಬಾವಿ ಎಲ್ಲ ಇದೆ. ಆದರೆ ಹನ್ನೆರಡು ವರ್ಷದಿಂದ ಅಲ್ಲಿ ಯಾರೂ ವಾಸವಿಲ್ಲ. ಈ ಬೇಸಿಗೆಯಲ್ಲಿ ಆರು ವಾರ ಅಲ್ಲೇ ಉಳಿದು ನಾವೇ ಸರಿ ಮಾಡೋಣ ಅಂತಿದ್ದೇವೆ. ಹೀಗೆ ಮಾಡಿದವರು ಇದ್ದರೆ ಹೇಳಿ. ಯಾವುದು ಮೊದಲು? ಯಾವುದಕ್ಕೆ ಕೈ ಹಾಕಬಾರದು?

ಉತ್ತರ 1

ಓದಿ ತುಂಬಾ ಖುಷಿಯಾಯಿತು. ನಾವು ಎಂಟು ಜನ ಐದು ವಾರ ಇಂಥದ್ದೇ ಕೆಲಸ ಮಾಡಿದ್ದೇವೆ. ನನ್ನ ಮಾತು ಇಷ್ಟೇ: ಈ ಬೇಸಿಗೆಯಲ್ಲಿ ಮನೆಯನ್ನು ಹೊಸದು ಮಾಡಲು ಹೋಗಬೇಡಿ. ಒಳಗೆ ನೀರು ಹೋಗದ ಹಾಗೆ ಮಾಡಿ. ಅದೊಂದು ಆದರೆ ಉಳಿದ ಕೆಲಸ ಮುಂದಿನ ವರ್ಷಕ್ಕೂ ಕಾಯುತ್ತದೆ.

ನಾವು ಮೊದಲ ವಾರ ಪೂರ್ತಿ ಒಳಗೋಡೆಗೆ ಬಣ್ಣ ಹೊಡೆದೆವು. ಮನೆ ಚೆಂದ ಕಂಡರೆ ಎಲ್ಲರಿಗೂ ಹುರುಪು ಬರುತ್ತದೆ ಅಂತ. ಎಂಟನೇ ದಿನ ರಾತ್ರಿ ಒಂದು ಮಳೆ ಸುರಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಬಿಳಿ ಗೋಡೆಯ ಮೇಲೆ ಮೇಲಿಂದ ಕೆಳಗಿನವರೆಗೆ ಕಂದು ಗೆರೆಗಳು. ಅಷ್ಟು ಜನರ ಒಂದು ವಾರದ ದುಡಿಮೆ ಹೋಯಿತು. ಅವತ್ತು ಯಾರೂ ಸರಿಯಾಗಿ ಮಾತಾಡಲಿಲ್ಲ.

ಹಾಗಾಗಿ ಮೊದಲ ದಿನ ಹೀಗೆ ಮಾಡಿ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಾಗ ಕಿಟಕಿ, ಬಾಗಿಲು ಮುಚ್ಚಿ ಒಳಗೆ ನಿಂತು ಮೇಲೆ ನೋಡಿ. ಹಂಚಿನ ಸಂದಿಯಲ್ಲಿ ಎಲ್ಲೆಲ್ಲಿ ಬೆಳಕು ಚುಕ್ಕಿಯಂತೆ ಕಾಣುತ್ತದೋ ಅದರ ನೇರ ಕೆಳಗೆ ನೆಲದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಒಂದು ಸ್ಕ್ರೂಡ್ರೈವರ್ ತಗೊಂಡು ತೊಲೆಗಳನ್ನು ಚುಚ್ಚಿ ನೋಡಿ. ಮುಖ್ಯವಾಗಿ ತೊಲೆ ಗೋಡೆಯೊಳಗೆ ಹೋಗುವ ತುದಿಯಲ್ಲಿ ಚುಚ್ಚಿ, ಕೊಳೆಯುವುದು ಜಾಸ್ತಿ ಅಲ್ಲೇ. ನಮ್ಮ ನಾಲ್ಕನೇ ತೊಲೆ ಕಣ್ಣಿಗೆ ಗಟ್ಟಿಮುಟ್ಟಾಗಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು, ನೆನೆದ ರಟ್ಟಿಗೆ ಚುಚ್ಚಿದ ಹಾಗೆ. ಹಿಂದಿನ ದಿನವಷ್ಟೇ ಇಬ್ಬರು ಅದರ ಮೇಲೆ ಕಾಲಿಟ್ಟು ನಿಂತಿದ್ದರು. ಅಂಥದ್ದು ಸಿಕ್ಕರೆ ಕೆಳಗೆ ಊರೆ ಕೊಟ್ಟು ನಿಲ್ಲಿಸಿ, ಬಡಗಿಯನ್ನು ಕರೆಯಿರಿ. ಅದು ನಾವು ನೀವು ಮಾಡುವ ಕೆಲಸ ಅಲ್ಲ.

ಮಾಡು, ಅಂದರೆ ಛಾವಣಿ, ಸರಿಯಾದ ಮೇಲೆ ಗೋಡೆಯ ಬುಡ ನೋಡಿ. ವರ್ಷಗಟ್ಟಲೆ ಮಣ್ಣು, ಎಲೆ ಸೇರಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎತ್ತರವಾಗಿರುತ್ತದೆ. ಆ ಮಣ್ಣು ತೆಗೆದು, ನೀರು ಮನೆಯಿಂದ ದೂರ ಹರಿಯುವ ಹಾಗೆ ಇಳಿಜಾರು ಮಾಡಿ. ಸುಮ್ನೆ ಗುದ್ದಲಿ ಕೆಲಸ, ದುಡ್ಡೂ ಬೇಡ. ನಮ್ಮ ಮನೆಯ ತೇವ ಅರ್ಧ ಕಮ್ಮಿಯಾಗಿದ್ದು ಇದರಿಂದಲೇ.

ಇನ್ನು ಸಿಮೆಂಟ್. ಹಳೇ ಗೋಡೆಯನ್ನು ಮಣ್ಣಿನಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿರುತ್ತಾರೆ. ಅಂಥ ಗೋಡೆ ತೇವ ಹೀರಿಕೊಂಡರೂ ಅದನ್ನು ಮತ್ತೆ ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿಹೋಗುತ್ತದೆ. ನೀರು ಒಳಗೇ ನಿಂತು ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ. ನಾವು ಬರುವ ಮೊದಲೇ ಯಾರೋ ಒಂದು ಗೋಡೆಗೆ ಹೀಗೆ ಮಾಡಿದ್ದರು. ಸಿಮೆಂಟ್ ಪದರ ಕಿತ್ತಾಗ ಹಿಂದಿನ ಇಟ್ಟಿಗೆ ಬೆರಳಿಗೇ ಬಂತು. ಸುಣ್ಣ ಗೊತ್ತಿರುವ ಮೇಸ್ತ್ರಿ ಸಿಕ್ಕರೆ ಎರಡು ದಿನ ಜೊತೆಗಿಟ್ಟುಕೊಂಡು ಕಲಿಯಿರಿ. ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಬಿರುಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಒದ್ದೆ ಗೋಣಿಚೀಲ ಇಳಿಬಿಟ್ಟು ಕೆಲವು ದಿನ ತೇವ ಕಾಪಾಡಬೇಕು. ಸುಟ್ಟ ಸುಣ್ಣವನ್ನು ನೀವೇ ನೀರಿಗೆ ಹಾಕಿ ಅರಳಿಸಲು ಹೋಗಬೇಡಿ, ಕೊತಕೊತ ಕುದಿದು ಸಿಡಿಯುತ್ತದೆ. ಅರಳಿಸಿದ್ದನ್ನೇ ತನ್ನಿ. ಆಗಲೂ ಕನ್ನಡಕ, ಗ್ಲೌಸ್ ಬೇಕೇ ಬೇಕು. ಕಣ್ಣಿಗೆ ಬಿದ್ದರೆ ತಕ್ಷಣ ತುಂಬಾ ಹೊತ್ತು ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಿ.

ಬೇಗ ಬೇಗ ಇನ್ನೆರಡು ಮಾತು. ಕೊಟ್ಟಿಗೆಯ ಮೇಲೆ ಹಳೇ ಸಿಮೆಂಟ್ ಶೀಟ್ ಇದ್ದರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒಡೆಯಬೇಡಿ, ಕೊಯ್ಯಬೇಡಿ. ಇಲಿ ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸಬೇಡಿ, ಬ್ಲೀಚ್ ನೀರು ಚಿಮುಕಿಸಿ ನೆನೆಸಿ ಒರೆಸಿ ತೆಗೆಯಿರಿ. ಹೊರಡುವ ಮೊದಲು ಎಲ್ಲರೂ ಟೆಟನಸ್ ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ. ಹತ್ತು ವರ್ಷ ದಾಟಿದ್ದರೆ ಮತ್ತೆ ಹಾಕಿಸಬೇಕು.

ಉತ್ತರ 2

ಮೇಲಿನವರು ಮನೆಯ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಜನರ ಬಗ್ಗೆ ಹೇಳುತ್ತೇನೆ. ನಮ್ಮದು ಆರು ಜನರ ಗುಂಪು. ಮನೆ ನಿಂತಿತು, ಆದರೆ ಒಬ್ಬ ಗೆಳೆಯ ಮೂರನೇ ವಾರ ಬ್ಯಾಗ್ ತಗೊಂಡು ಹೊರಟುಹೋದ. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ.

ಆಗಿದ್ದು ಇಷ್ಟೇ. ಕೆಲಸಕ್ಕೆ ಹೊತ್ತು ಗೊತ್ತು ಇರಲಿಲ್ಲ. ಕೆಲವರು ಕತ್ತಲಾಗುವವರೆಗೂ ದುಡಿಯುತ್ತಿದ್ದರು. ಸುಸ್ತಾಗಿ ಕೂತವರನ್ನು ಅವರು ನೋಡುವ ನೋಟ ಬೇರೆಯಾಯಿತು. ಅಡುಗೆ, ಪಾತ್ರೆ ಯಾವಾಗಲೂ ಅದೇ ಇಬ್ಬರ ತಲೆಗೆ. ಅದನ್ನು ಕೆಲಸ ಅಂತಲೇ ಯಾರೂ ಲೆಕ್ಕ ಹಾಕಲಿಲ್ಲ. ಹೋದವನು ಆ ಇಬ್ಬರಲ್ಲಿ ಒಬ್ಬ.

1971ರಲ್ಲಿ ಇಂಗ್ಲೆಂಡಿನಲ್ಲಿ ಸ್ಯೂ ಕೊಪರ್ಡ್ ಶುರು ಮಾಡಿದ ವೂಫ್ ಅಂತ ಒಂದು ವ್ಯವಸ್ಥೆ ಇದೆ. ಊಟ, ವಸತಿಗೆ ಬದಲಾಗಿ ತೋಟದಲ್ಲಿ ಕೆಲಸ ಮಾಡುವುದು. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ ನಾಲ್ಕರಿಂದ ಆರು ಗಂಟೆಯಷ್ಟೇ ದುಡಿಮೆ. ಮೊದಲು ನನಗೆ ಅದು ಕಮ್ಮಿ ಅನ್ನಿಸಿತ್ತು. ಈಗ ಅದೇ ಸರಿ ಅನ್ನುತ್ತೇನೆ. ಬೆಳಕು ಹರಿಯುವಾಗ ಶುರು ಮಾಡಿ, ಬಿಸಿಲು ಏರುವ ಮೊದಲು ನಿಲ್ಲಿಸಿ. ಮೊದಲ ದಿನವೇ ಪೂರ್ತಿ ದುಡಿಯಬೇಡಿ. ಬಿಸಿಲಿನ ಕೆಲಸಕ್ಕೆ ಹೊಸಬರು ಮೊದಲ ದಿನ ಶೇ 20ರಷ್ಟು ಹೊತ್ತು ಮಾತ್ರ ಮಾಡಿ, ದಿನಕ್ಕೆ ಶೇ 20ರಂತೆ ಏರಿಸುತ್ತಾ ಹೋಗಬೇಕು ಅನ್ನುವುದು ಸುರಕ್ಷತೆಯವರು ಹೇಳುವ ಲೆಕ್ಕ. ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಿರಿ.

ದುಡ್ಡಿನ ಮಾತನ್ನು ಹೋಗುವ ಮೊದಲೇ ಆಡಿ ಮುಗಿಸಿ. ಜಾಗ ಒಬ್ಬಳದು, ಬೆವರು ಏಳು ಜನರದು, ಅಲ್ವಾ? ಹಂಚು, ಮರದ ಖರ್ಚು ಯಾರದ್ದು? ನಾಳೆ ಅವಳು ಮಾರಿದರೆ? ಯಾರಿಗಾದರೂ ಪೆಟ್ಟಾದರೆ? ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸ್ನೇಹಿತರ ನಡುವೆ ಕಾಗದ ಯಾಕೆ ಅಂತ ನಾವೂ ಅಂದಿದ್ದೆವು. ಕಾಗದ ಇದ್ದಿದ್ದರೆ ಆ ರಾತ್ರಿಯ ಜಗಳ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮನೆಯ ವಿಷಯದಲ್ಲಿ ಕೊನೇ ಮಾತು ಅವಳದೇ ಅಂತಲೂ ಅದರಲ್ಲೇ ಬರೆಯಿರಿ. ಹಳೇ ಕಪಾಟು ಬಿಸಾಡಬೇಕಾ ಬೇಡವಾ ಅನ್ನುವುದಕ್ಕೆ ಏಳು ಜನ ಕೈ ಎತ್ತಿ ತೀರ್ಮಾನ ಮಾಡಬಾರದು. ಅದು ಅವಳ ಅಜ್ಜನದು.

ಉತ್ತರ 3

ಬಾವಿ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ದಯವಿಟ್ಟು ಯಾರೂ ಒಳಗೆ ಇಳಿಯಬೇಡಿ. ವರ್ಷಗಟ್ಟಲೆ ಬಳಸದ ಬಾವಿಯಲ್ಲಿ ಎಲೆ, ಕಸ ಕೊಳೆತು ತಳದಲ್ಲಿ ಕೆಟ್ಟ ಗಾಳಿ ನಿಲ್ಲಬಹುದು, ಆಮ್ಲಜನಕ ಸಾಲದೆ ಹೋಗಬಹುದು. ವಾಸನೆ ಬಾರದೆಯೂ ಇರಬಹುದು. ದೀಪ ಇಳಿಸಿ ನೋಡಿದರೆ ಸಾಕು ಅನ್ನುತ್ತಾರೆ, ಸಾಲದು. ವಿಷದ ಗಾಳಿ ಇದ್ದರೂ ದೀಪ ಉರಿಯುತ್ತಿರಬಹುದು. ಇಳಿದವನು ಕುಸಿದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಇಂಥ ಇಕ್ಕಟ್ಟಿನ ಜಾಗಗಳ ಸಾವಿನಲ್ಲಿ ಶೇ 60ಕ್ಕಿಂತ ಹೆಚ್ಚು ಜನ ಕಾಪಾಡಲು ಹೋದವರು ಅಂತ ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ನೀವು ಸ್ನೇಹಿತರು. ಒಬ್ಬರು ಬಿದ್ದರೆ ಇನ್ನೊಬ್ಬರು ಯೋಚನೆ ಮಾಡದೆ ಹಾರುತ್ತೀರಿ. ನನ್ನ ಭಯ ಅದೇ.

ಮೊದಲ ದಿನವೇ ಬಾವಿಗೆ ಗಟ್ಟಿ ಮುಚ್ಚಳ ಹಾಕಿ. ಹೂಳು ತೆಗೆಯಲು ಗಾಳಿ ಅಳೆಯುವ ಮೀಟರ್ ಇರುವವರನ್ನೇ ಕರೆಸಿ. ಆಮೇಲೆ ನೀರನ್ನು ಲ್ಯಾಬಿಗೆ ಕಳಿಸಿ. ರಿಪೋರ್ಟ್ ಬರುವವರೆಗೂ ಕುಡಿಯಲು ಹೊರಗಿನ ನೀರೇ ಇರಲಿ.

ಉತ್ತರ 4

ತೋಟದ ಬಗ್ಗೆ ಯಾರೂ ಹೇಳಲಿಲ್ಲ. ಈ ಬೇಸಿಗೆ ಉಳಲು ಹೋಗಬೇಡಿ. ಹಳೇ ಹಣ್ಣಿನ ಮರಗಳಲ್ಲಿ ಒಣಗಿದ ಕೊಂಬೆ ಮಾತ್ರ ತೆಗೆಯಿರಿ, ಹಸಿ ಕೊಂಬೆ ಒಂದೇ ಸಲ ಜಾಸ್ತಿ ಕಡಿದರೆ ಮರ ಸೊರಗುತ್ತದೆ. ಮಾಡಿನ ಸಂದು ಮುಚ್ಚುವ ಮೊದಲು ಬಾವಲಿ, ಹಕ್ಕಿಗೂಡು ಇದೆಯಾ ನೋಡಿ. ಮರಿಗಳಿದ್ದರೆ ಆ ಒಂದು ಮೂಲೆ ಅವು ಹಾರಿಹೋಗುವವರೆಗೆ ಬಿಡಿ.

ಮಣ್ಣು ಹೇಗಿದೆ ತಿಳಿಯಲು ಒಂದು ಗಾಜಿನ ಜಾಡಿ ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು. ಜೋರಾಗಿ ಕುಲುಕಿ ಕಿಟಕಿಯಲ್ಲಿಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಅದರ ಮೇಲೆ ನಯವಾದ ರೇವೆ ಕೆಲವು ಗಂಟೆಯಲ್ಲಿ ಕೂರುತ್ತದೆ. ಜೇಡಿ ಎಲ್ಲಕ್ಕಿಂತ ಕೊನೆಗೆ, ಒಂದು ದಿನವೋ ಇನ್ನೂ ಜಾಸ್ತಿಯೋ ಆಗಬಹುದು. ನೀರು ತಿಳಿಯಾದ ಮೇಲೆ ಪಟ್ಟೆಗಳನ್ನು ಸ್ಕೇಲಿನಿಂದ ಅಳೆದು ಬರೆದುಕೊಳ್ಳಿ. ತೋಟದ ಮೂರು ನಾಲ್ಕು ಕಡೆಯ ಮಣ್ಣು ಬೇರೆ ಬೇರೆ ಜಾಡಿಯಲ್ಲಿರಲಿ, ಎಲ್ಲಿಂದ ತಂದಿದ್ದು ಅಂತ ಚೀಟಿ ಅಂಟಿಸುವುದು ಮರೆಯಬೇಡಿ.