ಮ್ಯೂಸಿಯಂ ಆಫ್ ಬ್ರ್ಯಾಂಡ್ಸ್ ಮತ್ತು ಪೋರ್ಟೊಬೆಲೊ ಸಂತೆ: ಒಂದೇ ದಿನ ಸಾಕೇ?

ಪ್ರಶ್ನೆ: ಲಂಡನ್ ಪ್ರವಾಸದಲ್ಲಿ ನಾಟಿಂಗ್ ಹಿಲ್‌ನ ಮ್ಯೂಸಿಯಂ ಆಫ್ ಬ್ರ್ಯಾಂಡ್ಸ್ ಹಾಗೂ ಪೋರ್ಟೊಬೆಲೊ ರಸ್ತೆಯ ಸಂತೆ ಎರಡನ್ನೂ ಒಂದೇ ದಿನ ನೋಡಬಹುದೇ? ಯಾವ ದಿನ ಸೂಕ್ತವೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಖಂಡಿತ ನೋಡಬಹುದು, ಎರಡೂ ಹತ್ತಿರದಲ್ಲೇ ಇವೆ. ಹಳೆಯ ವಸ್ತುಗಳ ಸಂತೆ ಪೂರ್ಣವಾಗಿ ನೆರೆಯುವುದು ಶನಿವಾರವಾದ್ದರಿಂದ ಬೆಳಿಗ್ಗೆ ಬೇಗನೆ ಅಲ್ಲಿಗೆ ಹೋಗಿ, ಜನಜಂಗುಳಿ ಹೆಚ್ಚಿದಾಗ ಸಂಗ್ರಹಾಲಯಕ್ಕೆ ಬನ್ನಿ.

ಉತ್ತರ 2: ಸಂಗ್ರಹಾಲಯವನ್ನು ಮಾತ್ರ ಅವಸರದಲ್ಲಿ ನೋಡಬೇಡಿ. ರಾಬರ್ಟ್ ಓಪಿಯವರು 1963ರಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ, ಎಸೆಯಬೇಕಿದ್ದ ಒಂದು ಮಿಠಾಯಿ ಪೊಟ್ಟಣವನ್ನು ಉಳಿಸಿಕೊಂಡು ಆರಂಭಿಸಿದ ಸಂಗ್ರಹವಿದು. ವಿಕ್ಟೋರಿಯಾ ಕಾಲದಿಂದ ಮೊದಲ್ಗೊಂಡು ಡಬ್ಬಿ, ಪೊಟ್ಟಣ, ಜಾಹೀರಾತುಗಳು ಕಾಲಾನುಕ್ರಮದಲ್ಲಿವೆ. ಎರಡನೆಯ ಮಹಾಯುದ್ಧದ ಕಪಾಟುಗಳ ಮುಂದೆ ನಿಂತು, ಕಾಗದದ ಕೊರತೆಯಿಂದ ಲೇಬಲ್‌ಗಳು ಹೇಗೆ ಕಿರಿದಾದವೆಂಬುದನ್ನು ದಯವಿಟ್ಟು ಗಮನಿಸಿ.