ಅಪ್‌ಡೇಟ್: ಹಿಂಪಡೆದ ಕಿಡ್ನಿ ಪೇಪರನ್ನು ಸೈಟ್ (ಉಲ್ಲೇಖ) ಮಾಡಿದ್ದೆ, ಕಡೆಗೂ ತಿದ್ದಿದ್ದಾಯ್ತು

ಹೋದ ತಿಂಗಳು ಇಲ್ಲಿ ಕೇಳಿದ್ದೆ: ನಮ್ಮ ರಿವ್ಯೂ ಪೇಪರ್ ಪ್ರಕಟವಾದ ಮೇಲೆ ನೋಡಿದರೆ, ಅದರಲ್ಲಿ ಸೈಟ್ ಮಾಡಿದ್ದ ಕೋಆಪರೇಟ್ ಅನ್ನೋ ಟ್ರಯಲ್ ಹಿಂಪಡೆದ ಪೇಪರ್ (ಅಂದ್ರೆ ನಂಬೋ ಹಾಗಿಲ್ಲ ಅಂತ ಜರ್ನಲ್ಲೇ ವಾಪಸ್ ತಗೊಂಡದ್ದು), ಈಗೇನು ಮಾಡಲಿ ಅಂತ. ಜಪಾನಿನ ಟ್ರಯಲ್ ಅದು, 2003ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಬಂದದ್ದು. ಡಯಾಬಿಟಿಸ್ ಇಲ್ಲದ ಕಿಡ್ನಿ ರೋಗಿಗಳಿಗೆ ಲೋಸಾರ್ಟಾನ್, ಟ್ರಾಂಡೊಲಾಪ್ರಿಲ್ ಅನ್ನೋ ಬಿಪಿ ಔಷಧಿಗಳು ಎರಡನ್ನೂ ಒಟ್ಟಿಗೆ ಕೊಟ್ಟರೆ ಜಾಸ್ತಿ ಒಳ್ಳೇದು ಅಂದಿತ್ತು. 2009ರಲ್ಲಿ ಲ್ಯಾನ್ಸೆಟ್ ಅದನ್ನು ಹಿಂಪಡೆಯಿತು.

ನೀವು ಹೇಳಿದ ಹಾಗೆ ಮೊದಲು ಗೈಡ್ ಮೇಡಂಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ, "ಇವತ್ತೇ ಎಡಿಟರ್‌ಗೆ ಬರಿ" ಅಂದರು ಅಷ್ಟೇ.

ಸುಮ್ನೆ 14ನೇ ರೆಫರೆನ್ಸ್ ಕಿತ್ತುಹಾಕಿದರೆ ಆಯ್ತು ಅಂತ ನನ್ನ ಲೆಕ್ಕ. ಆಗಲಿಲ್ಲ. ಇಡೀ ಪ್ಯಾರಾ ಅದರ ಮೇಲೇ ನಿಂತಿತ್ತು! ಹೊಸದಾಗಿ ಬರೆದು, ಇಂಥ ಎರಡು ಬಗೆ ಔಷಧಿ ಒಟ್ಟಿಗೆ ಕೊಟ್ಟು ನೋಡಿದ ಬೇರೆ ಟ್ರಯಲ್‌ಗಳನ್ನು, ಅಂದ್ರೆ 2008ರ ಆನ್‌ಟಾರ್ಗೆಟ್ ಮತ್ತು 2013ರ ವಿಎ ನೆಫ್ರಾನ್-ಡಿ ಹಾಕಿದೆವು. ಎರಡನೇದನ್ನು ಪೊಟ್ಯಾಸಿಯಂ ಏರಿ, ಕಿಡ್ನಿಗೆ ದಿಢೀರ್ ಪೆಟ್ಟು ಬೀಳೋದು ಜಾಸ್ತಿಯಾಗಿ ಅರ್ಧಕ್ಕೇ ನಿಲ್ಲಿಸಿದ್ದರು. ಆದರೆ ಅದು ಡಯಾಬಿಟಿಸ್ ಇರುವವರ ಟ್ರಯಲ್, ಹಾಗಾಗಿ ನೇರ ಬದಲಿ ಅಲ್ಲ, ಅದನ್ನೂ ಅಲ್ಲೇ ಬರೆದೆವು. ಅಂದರೆ ನಮ್ಮ ತೀರ್ಮಾನವೇ ಉಲ್ಟಾ ಆಯ್ತು, ಎರಡೂ ಒಟ್ಟಿಗೆ ಬೇಡ ಅಂತ.

ತಪ್ಪು ಹೇಗಾಯ್ತು ಅಂದ್ರೆ, ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಲ್ಲಿದ್ದ ಪಿಡಿಎಫ್ ಓದಿದ್ದೆ, 2009ಕ್ಕೂ ಮುಂಚೆ ಇಳಿಸಿಕೊಂಡದ್ದು, ಅದರ ಮೇಲೆ ಯಾವ ಗುರುತೂ ಇರಲಿಲ್ಲ. ಅದೇ ಪೇಪರನ್ನು ಮೊನ್ನೆ ಜೊಟೆರೋಗೆ (ರೆಫರೆನ್ಸ್ ಜೋಡಿಸಿಡೋ ಸಾಫ್ಟ್‌ವೇರ್) ಹಾಕಿದೆ, ಹಿಂಪಡೆದದ್ದು ಅಂತ ತಕ್ಷಣ ಮೇಲೆ ಕೆಂಪು ಪಟ್ಟಿ ಬಂತು. ಹೊಟ್ಟೆ ಉರೀತು.

ತಿದ್ದುಪಡಿ ನಿನ್ನೆ ಪ್ರಕಟವಾಯ್ತು. ಈಗ ಉಳಿದ ರೆಫರೆನ್ಸ್‌ಗಳನ್ನೂ ಒಂದೊಂದಾಗಿ ನೋಡ್ತಾ ಇದ್ದೀನಿ, ಇನ್ನೂ 31 ಬಾಕಿ.